ಶುಕ್ರವಾರದ ಸೋಲಿನ ರಿಪೇರಿ

ಮೂವತ್ತೊಂದು ಶುಕ್ರವಾರ ಕಣ್ರೀ, ಮೂವತ್ತೊಂದು! ನಾಲ್ಕು ಜನರ ಆಟದಲ್ಲಿ ಕಣ್ಣು ಮುಚ್ಕೊಂಡು ಆಡಿದ್ರೂ ಒಬ್ಬ ಮನುಷ್ಯ ಅಷ್ಟು ಸಲ ಸೋಲೋಕೆ ಸಾಧ್ಯ ಇಲ್ಲ. ನನ್ನ ಗಂಡ ಸೋತ್ರು. ಅದೂ ಒಂದು ಡ್ಯೂಟಿ ಅನ್ನೋ ಹಾಗೆ, ಒಂದು ವಾರವೂ ತಪ್ಪಿಸದೆ ಸೋತು ಮನೆಗೆ ಬಂದು, ಚಪ್ಪಲಿ ಬಿಟ್ಟು, "ಈ ವಾರಾನೂ ನಾನೇ ಕಣೇ" ಅನ್ನೋರು.

ಇವರು ಲಿಫ್ಟ್ ಮೆಕ್ಯಾನಿಕ್. ಡಿಪೋದಲ್ಲಿ ನಾಲ್ಕು ಜನ: ಇವರು, ಮೇಸ್ತ್ರಿ, ಮೌನಿ, ಗ್ರೀಸು. ಮೌನಿ ಅಂದ್ರೆ ಬಾಯಿ ತೆಗೆದ್ರೆ ಮುಚ್ಚದವನು, ತಮಾಷೆಗೆ ಇಟ್ಟ ಹೆಸರು. ಗ್ರೀಸು ಎಷ್ಟು ತೊಳೆದ್ರೂ ಕೈ ಬೆಳ್ಳಗಾಗದವನು. ಭಾನುವಾರ ಎಲ್ಲರಿಗೂ ರಜ, ಆದ್ರೆ ಲಿಫ್ಟಿಗೆ ರಜ ಇಲ್ಲ. ಊರಲ್ಲಿ ಎಲ್ಲೋ ಒಂದು ಕಡೆ ಯಾರೋ ಒಬ್ಬರು ಸಿಕ್ಕಿಹಾಕ್ಕೊಂಡೇ ಇರ್ತಾರೆ. ಹಾಗಾಗಿ ಒಬ್ಬರು ಡಿಪೋದಲ್ಲಿ ಫೋನಿನ ಮುಂದೆ ಕೂತಿರಬೇಕು. ಮೊದಲು ಸರದಿ ಪ್ರಕಾರ ಕೂರ್ತಿದ್ರು. ಸರದಿ ವಿಷಯದಲ್ಲಿ ಜಗಳ ಹತ್ತಿ, ಕೊನೆಗೆ ಮೇಸ್ತ್ರಿ ಒಂದು ನ್ಯಾಯ ಮಾಡಿದ: ಶುಕ್ರವಾರ ಊಟದ ಹೊತ್ತಲ್ಲಿ ಪೋಕರ್. ಒಬ್ಬೊಬ್ಬರಿಗೆ ಮೂವತ್ತು ವಾಷರ್. ಯಾರ ವಾಷರ್ ಮೊದಲು ಖಾಲಿ ಆಗತ್ತೋ ಆ ವಾರದ ಭಾನುವಾರದ ಡ್ಯೂಟಿ ಅವರದ್ದು.

ನಾನು ಶರ್ಟ್ ಫ್ಯಾಕ್ಟರೀಲಿ ಚೆಕ್ಕರ್. ವಾರಕ್ಕೆ ಆರು ದಿನ ಬೇರೆಯವರು ಹೊಲಿದ ಕಾಲರಲ್ಲಿ, ಗುಂಡೀಲಿ, ಕಾಜದಲ್ಲಿ ತಪ್ಪು ಹುಡುಕೋದು ನನ್ನ ಕೆಲಸ. ಏಳನೇ ದಿನ ತಪ್ಪು ಗಿಪ್ಪು ಹುಡುಕದೆ ಗಂಡನ ಜೊತೆ ಕೂತು ಎರಡು ಮಾತಾಡೋಣ ಅಂತ ಆಸೆ. ಸಿನಿಮಾ ಬೇಡ, ಪಾರ್ಕು ಬೇಡ, ಮಾತಾಡಿದ್ರೆ ಸಾಕು. ಏಳು ತಿಂಗಳಿಂದ ನಾವಿಬ್ರೂ ಆಡಿದ ಮಾತನ್ನೆಲ್ಲ ಕೂಡಿಸಿದ್ರೆ ಒಂದು ಸಾಮಾನಿನ ಚೀಟಿ ಆಗತ್ತೆ: ಸೋಪು ಮುಗಿದಿದೆ, ಬಲ್ಬು ಹೋಗಿದೆ, ಅಮ್ಮನ ಮಾತ್ರೆ ತಗೊಂಡು ಬಾ.

ಮೂವತ್ತೊಂದನೇ ಶುಕ್ರವಾರ ನನಗೆ ಪಿತ್ತ ನೆತ್ತಿಗೇರಿತು.

"ರೀ, ಒಂದು ತಿಂಗಳು ಟೈಮ್ ಕೊಡ್ತೀನಿ. ಅಷ್ಟರೊಳಗೆ ಒಂದೇ ಒಂದು ಭಾನುವಾರ ನೀವು ಈ ಮನೇಲಿ ಇರ್ಬೇಕು. ಇಲ್ಲ ಅಂದ್ರೆ ಸೋಮವಾರ ನಾನಿರಲ್ಲ, ಅಕ್ಕನ ಮನೆಗೆ ಹೊರಟೆ. ಸೂಟ್‌ಕೇಸ್ ತುಂಬಿಟ್ಟಿದ್ದೀನಿ."

ಬರೀ ಬಾಯಿಮಾತಲ್ಲ, ನಿಜವಾಗ್ಲೂ ತುಂಬಿಟ್ಟಿದ್ದೆ. ನಮ್ಮ ಅತ್ತೆ ಅದನ್ನ ಎತ್ತಿ ನೋಡಿ, "ಇದು ಭಾರ ಇದೆ ಕಣೋ ಮಗನೇ, ಇವಳು ಸುಮ್ನೆ ಹೇಳ್ತಿಲ್ಲ" ಅಂತ ಸಾಕ್ಷಿ ಬೇರೆ ನುಡಿದ್ರು.

ಇವರಿಗೆ ಗಾಬರಿ ಆಯ್ತು. ಮುಖ ಸಣ್ಣಗಾಯ್ತು. "ಅದೃಷ್ಟ ಅಂತ ಹೇಳಿ ತಪ್ಪಿಸ್ಕೊಳ್ಳಲ್ಲ ಕಣೇ. ಮೂವತ್ತೊಂದು ಸಲ ಒಂದೇ ಲಿಫ್ಟು ಕೆಟ್ರೆ ದೋಷ ಒಳಗೇ ಇದೆ ಅಂತ ಅರ್ಥ. ನನ್ನ ಆಟ ನಾನೇ ಬಿಚ್ಚಿ ನೋಡ್ತೀನಿ" ಅಂದ್ರು.

ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಗ್ರಹಚಾರ.

ಲಿಫ್ಟಿನವರದ್ದು ಒಂದು ಪದ್ಧತಿ ಇದೆ. ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗದಿದ್ರೆ, ಒಂದೊಂದೇ ಭಾಗದ ಕನೆಕ್ಷನ್ ತೆಗೆದು ಓಡಿಸಿ ನೋಡ್ತಾರೆ. ಯಾವುದನ್ನ ತೆಗೆದಾಗ ತೊಂದರೆ ನಿಲ್ಲತ್ತೋ ಅದೇ ಕಳ್ಳ. ಇವರು ಡಿಪೋದಿಂದ ಒಂದು ಕಂತೆ ದೋಷ-ಪತ್ತೆ ಫಾರಂ ತಂದು, ಯಂತ್ರದ ಹೆಸರು ಅಂತ ಇರೋ ಕಡೆ ತಮ್ಮ ಹೆಸರು ಬರೆದ್ರು. ಯಂತ್ರದ ವಯಸ್ಸು ನಲವತ್ತನಾಲ್ಕು. ಕೊನೆಯ ಬಾರಿ ಸರ್ವಿಸ್ ಆದ ದಿನಾಂಕ ಅನ್ನೋ ಕಡೆ ಪೆನ್ನು ನಿಲ್ಲಿಸಿ, "ಅಮ್ಮಾ, ನನಗೆ ಜ್ವರ ಬಂದಿದ್ದು ಯಾವಾಗ?" ಅಂತ ಕೇಳಿದ್ರು.

ಇಷ್ಟಕ್ಕೇ ಮುಗೀಲಿಲ್ಲ. ರಿಪೇರಿ ನಡೀತಿರೋ ಯಂತ್ರಕ್ಕೆ ಬೋರ್ಡು ಹಾಕಲೇಬೇಕು ಅನ್ನೋದು ಅವರ ಡಿಪೋ ನಿಯಮ. ಸರಿ, ಹಳದಿ ಬೋರ್ಡು ಕುತ್ತಿಗೆಗೆ ಬಂತು: "ದುರಸ್ತಿಯಲ್ಲಿದೆ. ದಯವಿಟ್ಟು ಬಳಸಬೇಡಿ." ಮಾರನೇ ದಿನ ನಾನು ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಡಿ ಅಂದ್ರೆ ಮಾತಾಡದೆ ಬೋರ್ಡು ತೋರಿಸಿದ್ರು. ಮೈಯೆಲ್ಲ ಉರಿದುಹೋಯ್ತು ನನಗೆ. ಸಿಲಿಂಡರ್ ನಾನೇ ಉರುಳಿಸ್ಕೊಂಡು ಹೋದೆ, ದಾರೀಲಿ ಅವರ ಕಾಲ್ಬೆರಳ ಮೇಲೆ ಒಂದು ಸಲ ಹಾಯಿಸ್ಕೊಂಡೇ ಹೋದೆ.

ಮೊದಲ ಶುಕ್ರವಾರ ಬಾಯಿ ಕನೆಕ್ಷನ್ ತೆಗೆದ್ರು. ಒಳ್ಳೆ ಎಲೆ ಬಂದಾಗ ತನ್ನ ದನಿ ಬದಲಾಗತ್ತೇನೋ, ಅದರಿಂದ ಉಳಿದವರಿಗೆ ಸುಳಿವು ಸಿಗತ್ತೇನೋ ಅಂತ ಅನುಮಾನ. ಬಾಯಿಗೆ ಕರೆಂಟ್ ಟೇಪು ಅಂಟಿಸ್ಕೊಂಡು ಆಡಿದ್ರು. ಯಾರೂ ಏನೂ ಕೇಳಲಿಲ್ಲವಂತೆ. ಮೌನಿ ಮಾತ್ರ, "ಒಳ್ಳೇದು, ಇವತ್ತು ನಾನು ಪೂರ್ತಿ ಮಾತಾಡಬಹುದು" ಅಂತ ಖುಷಿಪಟ್ಟನಂತೆ. ಸೋತ್ರು. ಫಾರಂನಲ್ಲಿ ಬರೆದ್ರು: "ಬಾಯಿ: ದೋಷವಿಲ್ಲ."

ಎರಡನೇ ಶುಕ್ರವಾರ ಮುಖ. ವೆಲ್ಡಿಂಗ್ ಮಾಡೋರು ಹಾಕ್ಕೊಳ್ಳೋ ಕಬ್ಬಿಣದ ಮುಖವಾಡ ಇಳಿಸ್ಕೊಂಡು ಕೂತ್ರು. ಅದರ ಕಪ್ಪು ಗಾಜಿನಲ್ಲಿ ಎಲೆ ಕಾಣಿಸದೆ, ಒಂದೊಂದು ಎಲೆಗೂ ಟಾರ್ಚು ಬಿಟ್ಟು ನೋಡಬೇಕಾಯ್ತಂತೆ. ಮೇಸ್ತ್ರಿಗೆ ಅದರಲ್ಲೊಂದೇ ತಕರಾರು: ವೆಲ್ಡಿಂಗ್ ಮುಖವಾಡದ ಜೊತೆ ಚರ್ಮದ ಕೈಗವಸು ಕಡ್ಡಾಯ, ಸುರಕ್ಷತಾ ನಿಯಮ. ಅದನ್ನೂ ಹಾಕ್ಕೊಂಡ್ರು. ಆ ಗವಸಿನಲ್ಲಿ ಐದು ಎಲೆ ಹಿಡಿಯೋಕೆ ಹೋಗಿ ಎರಡು ಸಲ ಊಟದ ಡಬ್ಬಿ ಒಳಗೆ ಬಿತ್ತು. ಸೋತ್ರು. "ಮುಖ: ದೋಷವಿಲ್ಲ."

ಮೂರನೇ ಶುಕ್ರವಾರ ಕೈ. ಕೈ ನಡುಗೋದನ್ನ ಯಾರಾದ್ರೂ ಗಮನಿಸ್ತಿರಬಹುದು ಅಂತ, ಎಲೆಗಳನ್ನ ಬೆಂಚಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ, ಅದೇ ವೈಸಿಗೆ, ಕಚ್ಚಿಸಿ, ಕೈ ಬೆನ್ನ ಹಿಂದೆ ಕಟ್ಟಿಸ್ಕೊಂಡು, ಗದ್ದದಿಂದ ವಾಷರ್ ತಳ್ಳಿ ಆಡಿದ್ರು. ಗ್ರೀಸು ಪಾಪ ವೈಸನ್ನ ತಿರುಗಿಸಿ ಕೊಡ್ತಿದ್ದ. ತಿರುಗಿಸುವಾಗ ಎಲೆ ಅವನ ಕಣ್ಣಿಗೆ ಬಿದ್ದೇ ಬಿದ್ದಿರತ್ತೆ ಅಂತ ಸಣ್ಣ ಮಗೂಗೂ ಹೊಳೆಯತ್ತೆ. ನಾನು ಕೇಳಿದ್ದಕ್ಕೆ, "ಇಲ್ಲ ಕಣೇ, ಅವನು ಕಣ್ಣು ಮುಚ್ಕೋತೀನಿ ಅಂತ ಮಾತು ಕೊಟ್ಟಿದ್ದ" ಅಂದ್ರು. ಅಯ್ಯೋ ನನ್ನ ಬೆಪ್ಪುತಕ್ಕಡಿ ಗಂಡನೇ! ಸೋತ್ರು. "ಕೈ: ದೋಷವಿಲ್ಲ."

ಪ್ರತಿ ಶುಕ್ರವಾರ ಸಂಜೆ ಆ ಫಾರಂಗಳನ್ನ ನನಗೂ ಅತ್ತೆಗೂ ಓದಿ ಹೇಳೋರು. "ಸುತ್ತು ಆರು. ಮೇಸ್ತ್ರಿ ಒಂದು ವಾಷರ್ ಇಟ್ಟ. ಮೌನಿ ಒಂದು ಇಟ್ಟ. ನಾನು ಪ್ಯಾಕ್. ಸುತ್ತು ಏಳು. ಗ್ರೀಸು ಎರಡು ಇಟ್ಟ. ನಾನು ಮೂರು ಇಟ್ಟೆ. ಸೋತೆ. ಸುತ್ತು ಎಂಟು. ನಾನು ಪ್ಯಾಕ್." ಪ್ಯಾಕ್ ಅಂದ್ರೆ ಈ ಎಲೆ ಆಡೋ ಯೋಗ್ಯತೆಯದ್ದಲ್ಲ ಅಂತ ಮಗುಚಿ ಕೆಳಗಿಟ್ಟುಬಿಡೋದು. ಅದು ಏನಿತ್ತು ಅಂತ ಯಾರೂ ನೋಡಲ್ಲ.

ಮೂರನೇ ವರದಿ ಕೇಳ್ತಾ ಬಟ್ಟೆ ಮಡಿಸ್ತಿದ್ದವಳು ಕೈ ನಿಲ್ಲಿಸಿದೆ.

"ರೀ, ಪ್ಯಾಕ್ ಮಾಡಿದಾಗ ಕೈಯಲ್ಲಿ ಏನಿತ್ತು ಅಂತ ಯಾಕೆ ಬರೆದಿಲ್ಲ?"

"ಎಸೆದ ಎಲೆ ಬರೆದು ಏನು ಮಾಡ್ಲಿ? ಎಸೆದಾಯ್ತಲ್ಲ."

ನನಗೆ ನಗು ಬಂತು. ಇಷ್ಟು ದಿನ ಈ ಮನುಷ್ಯ ಹುಡುಕ್ತಿದ್ದಿದ್ದು ತಪ್ಪು ಜಾಗದಲ್ಲಿ. ನಮ್ಮ ಫ್ಯಾಕ್ಟರೀಲಿ ಪ್ರತಿ ಗುರುವಾರ ರಿಜೆಕ್ಟ್ ಬುಟ್ಟಿ ಬಗ್ಗಿಸ್ತಾರೆ. ಚೆಕ್ಕರ್ ಪಾಸ್ ಮಾಡಿದ ಶರ್ಟು ನೋಡಿದ್ರೆ ಅವಳ ಕೆಲಸ ಅರ್ಧ ಮಾತ್ರ ಗೊತ್ತಾಗತ್ತೆ. ಕೆಟ್ಟಿದೆ ಅಂತ ಬುಟ್ಟಿಗೆ ಎಸೆದ ಶರ್ಟುಗಳಲ್ಲಿ ಚೆನ್ನಾಗಿರೋದು ಎಷ್ಟು ಅಂತಾನೂ ನೋಡಬೇಕು. ಕಣ್ಣು ದಣಿದವಳು ಒಳ್ಳೇದನ್ನೇ ಎಸೀತಾಳೆ. ನಾನೂ ಎಸೆದಿದ್ದೀನಿ, ಬೈಸ್ಕೊಂಡಿದ್ದೀನಿ.

"ಬರೋ ಶುಕ್ರವಾರ ಯಾವ ಕನೆಕ್ಷನ್ನೂ ತೆಗೀಬೇಡಿ" ಅಂದೆ. "ಮಾಮೂಲಿ ಹಾಗೇ ಆಡಿ. ಎಸೆದ ಎಲೆ ಏನು ಅಂತ ಮಾತ್ರ ಒಂದೂ ಬಿಡದೆ ಬರ್ಕೊಂಡು ಬನ್ನಿ."

ಅದು ನಾನು ಕೊಟ್ಟ ಟೈಮಿನ ಕೊನೇ ಶುಕ್ರವಾರ. ಆವತ್ತು ಫ್ಯಾಕ್ಟರೀಲಿ ನನಗೆ ಕೆಲಸವೇ ಓಡಲಿಲ್ಲ. ಒಂದೇ ಕಾಲರನ್ನ ಮೂರು ಸಲ ನೋಡಿದೆ. ಗೆದ್ದು ಬರಲಪ್ಪ ದೇವ್ರೇ, ಈ ಸಲ ಒಂದು ಗೆದ್ದು ಬರಲಿ ಅಂತ ಮನಸ್ಸಲ್ಲೇ ಬೇಡ್ಕೋತಿದ್ದೆ. ಅಕ್ಕನ ಮನೆಗೆ ಹೋಗೋಕೆ ನನಗೇನು ಇಷ್ಟಾನಾ? ಹೇಳಿಬಿಟ್ಟಿದ್ದೆ, ಹೇಳಿದ ಮೇಲೆ ಹೋಗದೆ ಇದ್ರೆ ಮುಂದೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?

ಸಂಜೆ ಬಂದ್ರು. ಚಪ್ಪಲಿ ಬಿಟ್ರು. "ಈ ವಾರಾನೂ ನಾನೇ ಕಣೇ."

ನಾನು ಫಾರಂ ಇಸ್ಕೊಂಡು ಊಟದ ಮೇಜಿನ ಮೇಲೆ ಹರಡಿ, ಫ್ಯಾಕ್ಟರೀಲಿ ಮಾಡೋ ಹಾಗೆ ಬೆರಳು ಇಟ್ಟು ಒಂದೊಂದೇ ಸಾಲು ಓದಿದೆ. ಅಕ್ಷರ ಮುದ್ದಾಗಿದೆ ನೋಡಿ ಇವರದ್ದು. ಪಾಪ, ಬರಿ ಅಂದಿದ್ದನ್ನ ಒಂದಕ್ಷರ ಮುಚ್ಚಿಡದೆ ಬರೆದಿದ್ರು.

"ಸುತ್ತು ಎರಡು: ಮೂರು ರಾಜ, ಎರಡು ಚಿಲ್ಲರೆ. ಪ್ಯಾಕ್."

"ಸುತ್ತು ಮೂರು: ಎರಡು, ಐದು, ಏಳು, ಒಂಬತ್ತು, ಗುಲಾಮ. ಆಡಿದೆ. ನಾಲ್ಕು ವಾಷರ್ ಇಟ್ಟೆ. ಸೋತೆ."

"ಸುತ್ತು ಐದು: ಐದೂ ಆಟೀನ್. ಪ್ಯಾಕ್."

"ಸುತ್ತು ಎಂಟು: ಏನೂ ಇಲ್ಲ. ಆಡಿದೆ. ಆರು ವಾಷರ್."

"ಸುತ್ತು ಒಂಬತ್ತು: ನಾಲ್ಕು ರಾಣಿ. ಪ್ಯಾಕ್."

ನಾಲ್ಕು ರಾಣಿ! ಪೋಕರ್ ಆಡೋರು ಜೀವಮಾನದಲ್ಲಿ ಒಂದು ಸಲ ನಾಲ್ಕು ರಾಣಿ ಬಂದ್ರೆ ಮೊಮ್ಮಕ್ಕಳಿಗೆ ಹೇಳ್ತಾರೆ. ಈ ಪುಣ್ಯಾತ್ಮ ಅದನ್ನ ಮಗುಚಿಟ್ಟು ನೀರು ಕುಡಿಯೋಕೆ ಎದ್ದು ಹೋಗಿದ್ರಂತೆ, ಅದನ್ನೂ ಬರೆದಿದ್ರು.

ಆಟ ಬರದವರು ಒಂದು ಸಲ ಒಳ್ಳೇದು ಎಸೀತಾರೆ, ಒಂದು ಸಲ ಕೆಟ್ಟದ್ದು ಎಸೀತಾರೆ. ಇಲ್ಲಿ ಚೆನ್ನಾಗಿದ್ದಿದ್ದೆಲ್ಲ ಬುಟ್ಟೀಲಿ, ಕೆಟ್ಟಿದ್ದೆಲ್ಲ ಮೇಜಿನ ಮೇಲೆ. ಹನ್ನೊಂದು ಸುತ್ತಲ್ಲಿ ಒಂದೇ ಒಂದು ಕಡೆ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ಸೋಲಬೇಕಾದ್ರೆ ಆಟ ಚೆನ್ನಾಗಿ ಬರಬೇಕು.

"ರೀ, ಮೂರು ರಾಜ ಇಟ್ಕೊಂಡು ಯಾಕೆ ಪ್ಯಾಕ್ ಮಾಡಿದ್ರಿ?"

"ಗೊತ್ತಿಲ್ಲ ಕಣೇ. ಒಂಥರಾ ಭಯ ಆಯ್ತು."

"ಮೇಸ್ತ್ರಿ ಹತ್ರ ದೊಡ್ಡ ಎಲೆ ಇರಬಹುದು ಅಂತಾನಾ?"

"ಇಲ್ಲ. ಅವನ ಮುಖ ನೋಡಿದ್ರೆ ಅವನ ಹತ್ರ ಏನೂ ಇಲ್ಲ ಅಂತ ಗೊತ್ತಾಗ್ತಿತ್ತು."

"ಮತ್ತೆ ಭಯ ಯಾಕೆ?"

ಇವರು ಫಾರಂ ಕಡೆ ನೋಡಿದ್ರು. ಉತ್ತರ ಅಲ್ಲೇ ಎಲ್ಲಾದ್ರೂ ಬರೆದಿದ್ದೀನಾ ಅಂತ ಹುಡುಕೋ ಹಾಗಿತ್ತು ಆ ನೋಟ.

"ಗೆದ್ದುಬಿಡ್ತೀನಲ್ಲ ಅಂತ" ಅಂದ್ರು.

"ಗೆದ್ರೆ ಏನಾಗತ್ತೆ?"

"ಭಾನುವಾರ ಮನೇಲಿರ್ಬೇಕಾಗತ್ತಲ್ಲ."

ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು ನೀವು. ನನಗಿಂತ ಅವರಿಗೇ ಹೆಚ್ಚು ಆಘಾತ. ಬಾಯಿ ಹಾಗೇ ತೆರೆದುಕೊಂಡಿತ್ತು. ಅತ್ತೆ ಮಾತ್ರೆ ಎಲ್ಲಿಟ್ಟೆ ಅಂತ ಗೊಣಗ್ತಾ ಎದ್ದು ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮಾತ್ರೆ ಅವರ ಕೈಯಲ್ಲೇ ಇತ್ತು.

ಅಳು ಬಂತು ನನಗೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ. ಅಳು ನಿಂತ ಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಸ್ವಲ್ಪ ಹಾಯೆನಿಸ್ತು. ಈಚೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಭಾನುವಾರ ನಾನೂ ಬರ್ತೀನಿ. ಈ ಮನೇಲಿ ಇಲ್ಲದ್ದು ಆ ಡಿಪೋದಲ್ಲಿ ಏನಿದೆ ಅಂತ ನನ್ನ ಕಣ್ಣಾರೆ ನೋಡ್ಬೇಕು. ನೋಡ್ಕೊಂಡೇ ಅಕ್ಕನ ಮನೆಗೆ ಹೋಗ್ತೀನಿ."

"ಅಲ್ಲೇನೂ ಇಲ್ಲ ಕಣೇ. ಒಂದು ಫೋನು, ಒಂದು ಬೆಂಚು."

"ಆ ಬೆಂಚನ್ನೇ ನೋಡ್ತೀನಿ."

ಭಾನುವಾರ ಹೋದೆ. ಹೇಳಿದ ಹಾಗೆ ಒಂದು ಫೋನು, ಒಂದು ಬೆಂಚು, ಗೋಡೆ ತುಂಬ ನೇತುಹಾಕಿದ ಉಕ್ಕಿನ ಹಗ್ಗ. ಇಬ್ರೂ ಬೆಂಚಿನ ಎರಡು ತುದೀಲಿ, ಬಸ್ಸಿಗೆ ಕಾಯೋ ಅಪರಿಚಿತರ ಹಾಗೆ ಕೂತ್ವಿ. ಇವರು ಒಂದು ಸಲ "ಸೆಕೆ" ಅಂದ್ರು. ನಾನು "ಹೂಂ" ಅಂದೆ. ಇದಕ್ಕೋಸ್ಕರ ನಾಲ್ಕು ರಾಣಿ ಎಸೆದ್ರಾ ಅಂತ ಕೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಫೋನು ಹೊಡ್ಕೊಂಡಿತು.

ಏಳು ಮಹಡಿ ಕಟ್ಟಡ. ಮೂರಕ್ಕೂ ನಾಲ್ಕಕ್ಕೂ ನಡುವೆ ಲಿಫ್ಟು ನಿಂತಿದೆ, ಒಳಗೆ ಒಬ್ಬ ವಿಮೆ ಏಜೆಂಟ್, ಅವನ ಕೈಯಲ್ಲಿ ನೀರು ತುಂಬಿದ ಗಾಜಿನ ತೊಟ್ಟಿ, ಅದರಲ್ಲಿ ಒಂದು ಮೀನು. ಮನೆ ಬದಲಾಯಿಸ್ತಿದ್ದನಂತೆ, ಮೀನನ್ನ ಲಾರೀಲಿ ಕಳಿಸೋಕೆ ಮನಸ್ಸು ಬರಲಿಲ್ಲವಂತೆ. ತೊಟ್ಟಿ ಕೆಳಗಿಟ್ರೆ ಮೀನು ಹೆದರತ್ತೆ ಅಂತ ಮುಕ್ಕಾಲು ಗಂಟೆಯಿಂದ ಎತ್ಕೊಂಡೇ ನಿಂತಿದ್ದ. ಬಾಗಿಲ ಸಂದಿಯಿಂದ ಅವನ ಅಳು ಕೇಳಿಸ್ತಿತ್ತು.

ಇವರು ನಾಲ್ಕನೇ ಮಹಡೀಲಿ ಬಾಗಿಲ ಪಕ್ಕ ನೆಲದ ಮೇಲೆ ಕೂತು, ಸಂದಿಗೆ ಬಾಯಿ ಇಟ್ರು.

"ಯಾರಪ್ಪ ಒಳಗೆ? ನಾನು ಬಂದಿದ್ದೀನಿ. ಇನ್ನು ಏನೂ ಆಗಲ್ಲ."

ಯಾರ ದನಿ ಅದು? ಹದಿನಾರು ವರ್ಷದಿಂದ ಜೊತೆಗಿದ್ದೀನಿ, ಈ ದನಿ ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದು, ಆಮೇಲೆ ಕೇಳಿಲ್ಲ.

"ಅಣ್ಣಾ, ಬಂದ್ರಾ ಅಣ್ಣಾ!" ಅಂತ ಒಳಗಿನವನು ಕೂಗಿದ. ಎಂಥ ಖುಷಿ ಅಂತೀರಿ ಆ ಕೂಗಲ್ಲಿ! ನಮ್ಮ ಮನೆ ಬಾಗಿಲು ತೆಗೆದು ಇವರು ಒಳಗೆ ಬಂದಾಗ ಹಾಗೆ ಯಾರು ಕೂಗಿದ್ದಾರೆ? ನಾನು ಕೂಗಿದ್ದೀನಾ? ಬಲ್ಬು ತಂದ್ರಾ ಅಂತ ಕೇಳಿದ್ದೀನಿ.

"ಭುಜ ನೋಯ್ತಿದೆಯಾ? ತೊಟ್ಟೀನ ಮಂಡಿ ಮೇಲೆ ಇಟ್ಕೊಂಡು ಗೋಡೆಗೆ ಒರಗಿ ಕೂತ್ಕೋ. ನಿಧಾನ. ಆಯ್ತಾ? ಮೀನು ಹೇಗಿದೆ?"

"ಸುತ್ತುಹಾಕ್ತಿದೆ ಅಣ್ಣಾ."

"ಸುತ್ತುಹಾಕ್ತಿದೆ ಅಂದ್ರೆ ಧೈರ್ಯವಾಗಿದೆ. ಯಾವಾಗಿನಿಂದ ನಿನ್ನ ಜೊತೆಗಿದೆ?"

ಅವನು ಮೀನಿನ ಕಥೆ ಹೇಳಿದ. ಹೆಂಡತಿ ಬಿಟ್ಟುಹೋದ ಕಥೆ ಹೇಳಿದ. ಇವರು ಎಲ್ಲಾನೂ ಕೇಳಿದ್ರು, ಹೂಂ ಹೂಂ ಅಂದ್ರು, "ಆಮೇಲೆ?" ಅಂತ ಕೇಳಿದ್ರು. ಅವನ ಉಸಿರು ಸರಿಹೋದ ಮೇಲೇ ಇವರು ಮೇಲೆ ಹೋಗಿ ರಿಪೇರಿ ಮಾಡಿದ್ದು. ಬಾಗಿಲಿನ ಒಂದು ಕಾಂಟ್ಯಾಕ್ಟು ಸರಿದಿತ್ತು ಅಷ್ಟೇ. ಲಿಫ್ಟು ಮೇಲೆ ಬಂದು ಬಾಗಿಲು ತೆರೀತು. ವಿಮೆ ಏಜೆಂಟ್ ತೊಟ್ಟಿ ಸಮೇತ ಇವರನ್ನ ತಬ್ಕೊಂಡ. ಅರ್ಧ ನೀರು ಇವರ ಮೈಮೇಲೆ. ಇವರು ಒದ್ದೆ ಅಂಗೀಲಿ ನಗ್ತಾ ನಿಂತಿದ್ರು, ಆ ನಗು ನೋಡಿ ನನಗೆ ಆ ಏಜೆಂಟ್ ಮೇಲೆ, ಅವನ ಮೀನಿನ ಮೇಲೂ ಹೊಟ್ಟೆಕಿಚ್ಚಾಯ್ತು. ನಿಜ ಹೇಳ್ತೀನಿ, ನಾಚಿಕೆ ಇಲ್ಲ ನನಗೆ.

ಅವನು ಮೆಟ್ಟಿಲಿಳಿದು ಹೋದ. ಇವರು ಸಾಮಾನೆಲ್ಲ ಚೀಲಕ್ಕೆ ತುಂಬಿ ಹೆಗಲಿಗೆ ಹಾಕ್ಕೊಂಡು, ಮತ್ತೆ ಮನೇಲಿರೋ ಆ ಸಪ್ಪೆ ಮುಖ ಮಾಡ್ಕೊಂಡು, "ರಿಪೇರಿ ಆದ ಮೇಲೆ ಒಂದು ಸಲ ಓಡಿಸಿ ನೋಡ್ಬೇಕು. ಕೆಳಗೆ ಹೋಗಿ ವಾಪಸ್ ಬಾ" ಅಂದ್ರು.

ನಾನು ಒಳಗೆ ಹೋದೆ. ಬಾಗಿಲು ಮುಚ್ಚಿತು. ಸ್ವಲ್ಪ ಇಳೀತು. ಗುಂಡಿಗಳ ಸಾಲಿನ ಕೆಳಗೆ ಒಂದು ಕೆಂಪು ಗುಂಡಿ ಇತ್ತು, ಒತ್ತಿಬಿಟ್ಟೆ.

ಜಗ್ಗಿ ನಿಂತಿತು. ಮೇಲಿನಿಂದ ಇವರು ಕೂಗಿದ್ರು, "ಏನಾಯ್ತೇ? ಕೆಂಪು ಗುಂಡಿ ಒತ್ತಿದ್ಯಾ? ಅದನ್ನ ಈಚೆಗೆ ಎಳಿ, ಹೊರಡತ್ತೆ."

"ಎಳೆಯಲ್ಲ."

"ಯಾಕೆ?"

"ಹೆದರಿಕೆ ಆಗ್ತಿದೆ."

ನಾನು ಕಬ್ಬಿಣದ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಮೀನಿನ ನೀರು ಚೆಲ್ಲಿದ್ದು ಸೀರೆಗೆ ಹತ್ತಿತು. ಹುಡುಗಾಟ ಅಂತ ಒತ್ತಿದ್ದೆ, ಕೂತ ಮೇಲೆ ಹೆದರಿಕೆ ನಿಜವೇ ಆಗಿಹೋಯ್ತು.

"ಏನು ಹೆದರಿಕೆ?" ಅಂತ ಕೇಳಿಸ್ತು. ಬಾಗಿಲ ಸಂದಿಯಿಂದ, ಹತ್ತಿರದಿಂದ.

"ಮನೇಲಿ ಮಾತಾಡೋದು ನಮ್ಮಿಬ್ರಿಗೂ ಮರೆತೇಹೋಗಿದೆಯೇನೋ ಅಂತ. ನೀವು ಇನ್ನು ಮನೆಗೆ ಬರೋದೇ ಇಲ್ಲವೇನೋ ಅಂತ."

ಹೊರಗಿನಿಂದ ಲಿಫ್ಟಿನ ಬಾಗಿಲು ತೆಗೆಯೋಕೆ ಇವರಿಗೆ ಎರಡು ನಿಮಿಷ ಸಾಕು, ಇಷ್ಟು ವರ್ಷ ಲಿಫ್ಟಿನವನ ಹೆಂಡತಿಯಾಗಿ ನನಗೆ ಅಷ್ಟು ಗೊತ್ತಿದೆ. ಸಾಮಾನಿನ ಚೀಲ ಹೆಗಲಿಂದ ಇಳಿಸಿ ನೆಲಕ್ಕಿಟ್ಟ ಸದ್ದು ಕೇಳಿಸ್ತು. ಆಮೇಲೆ ಇವರೂ ಕೂತ ಸದ್ದು.

"ಒಳಗೆ ಗಾಳಿ ಬರ್ತಿದೆಯಾ?"

"ಬರ್ತಿದೆ."

"ಹಾಗಾದ್ರೆ ಅವಸರ ಇಲ್ಲ" ಅಂದ್ರು. "ಹೇಳು."